ಅಳತೆಗೆ ಒಪ್ಪುವ ಗುತ್ತಿಗೆದಾರ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲ್ಲೂಕಿನಲ್ಲಿ, ಕರ್ನಾಟಕದ ಆನೇಕಲ್ಲಿನ ಗಡಿಗೆ ಹತ್ತಿಕೊಂಡಂತಿರುವ ತಳಿ ಮತ್ತು ಅದರ ಸುತ್ತಣ ಕನ್ನಡ ಮಾತಿನ ಹಳ್ಳಿಗಳಲ್ಲಿ ಮನೆಗಳ ಮೂರು ತಲೆಮಾರುಗಳು ಒಂದೇ ಬೀದಿಯಲ್ಲಿ ಕಾಣಸಿಗುತ್ತವೆ. ಮಣ್ಣಿನ ಗೋಡೆಯ ಮೇಲೆ ನಾಡಹೆಂಚು ಹೊದಿಸಿದ ಮನೆಗಳು, ಗೋಡೆಯಿಂದ ಗೋಡೆಗೆ ಕಲ್ಲು ಚಪ್ಪಡಿ ಹಾಸಿದ ಮನೆಗಳು, ಮೂವತ್ತು ನಲವತ್ತು ವರ್ಷಗಳ ಹಿಂದೆ ಮೋಲ್ಡ್ ಹಾಕಿಸಿದ, ಅಂದರೆ ಕಬ್ಬಿಣದ ಸರಳಿನ ಕಾಂಕ್ರೀಟ್ ಚಾವಣಿಯ ಮನೆಗಳು ಇಂದಿಗೂ ಬಳಕೆಯಲ್ಲಿವೆ. ಹೊಸೂರಿನ ಕೈಗಾರಿಕೆಗಳು ಕೆಲಮಂಗಲದ ದಿಕ್ಕಿಗೂ ಹಬ್ಬುತ್ತಿರುವುದರಿಂದ ಮತ್ತು ಬೆಂಗಳೂರಿನ ದುಡಿಮೆಯ ಹಣ ಊರಿಗೆ ಮರಳುತ್ತಿರುವುದರಿಂದ, ಈ ಹಳೆಯ ಮನೆಗಳಿಗೆ ಕೋಣೆ ಸೇರಿಸುವ, ಚಾವಣಿ ಬದಲಿಸುವ, ಮೇಲಂತಸ್ತು ಎತ್ತುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಆ ಆಸೆಯನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಪ್ರಶ್ನೆಗೆ ಮಾತ್ರ ಹೆಚ್ಚಿನ ಕುಟುಂಬಗಳಲ್ಲಿ ಸಿದ್ಧ ಉತ್ತರವಿಲ್ಲ.

ಹಿಂದೆ ಆ ಉತ್ತರವನ್ನು ಊರೇ ಕೊಡುತ್ತಿತ್ತು. ಗಾರೆ ಕೆಲಸದ ಮೇಸ್ತ್ರಿ ಅದೇ ಊರಿನವನು ಅಥವಾ ಪಕ್ಕದೂರಿನವನಾಗಿರುತ್ತಿದ್ದನು. ಅವನು ಕಟ್ಟಿದ ಗೋಡೆ ಬಿರುಕು ಬಿಟ್ಟರೆ ಮುಂದಿನ ಸಂತೆಯ ದಿನ ಅವನೇ ಜನರಿಗೆ ಮುಖ ಕೊಡಬೇಕಾಗುತ್ತಿತ್ತು. ಹೆಸರು ಕೆಡುವ ಭಯವೇ ಕರಾರುಪತ್ರದ ಕೆಲಸ ಮಾಡುತ್ತಿತ್ತು. ಈಗ ಗುತ್ತಿಗೆದಾರ ಹೊಸೂರಿನಿಂದಲೋ ಅತ್ತಿಬೆಲೆ, ಚಂದಾಪುರಗಳಿಂದಲೋ ಬರಬಹುದು, ಸೆಂಟ್ರಿಂಗ್ ಕೆಲಸದವರು ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದವರಿರಬಹುದು, ಟೈಲ್ಸ್ ಹಾಕುವ ತಂಡ ಇನ್ನೊಬ್ಬ ಉಪಗುತ್ತಿಗೆದಾರನದಾಗಿರಬಹುದು. ಇವರಲ್ಲಿ ಯಾರೂ ಕೆಟ್ಟವರೆಂದಲ್ಲ. ಊರಿನ ಪರಿಚಯ ಕೊಡುತ್ತಿದ್ದ ಜಾಮೀನು ಮಾತ್ರ ಈಗ ಇಲ್ಲ. ಆದ್ದರಿಂದ ನಂಬಿಕೆಯನ್ನು ಮುಖಪರಿಚಯದ ಮೇಲೆ ನಿಲ್ಲಿಸುವ ಬದಲು ಅಳತೆ, ಬರವಣಿಗೆ ಮತ್ತು ಹಂತಹಂತದ ಪಾವತಿಯ ಮೇಲೆ ನಿಲ್ಲಿಸಬೇಕಾಗಿದೆ. ಈ ಮೂರಕ್ಕೂ ಮನಃಪೂರ್ವಕವಾಗಿ ಒಪ್ಪುವವನೇ ನಂಬಿಕೆಗೆ ಅರ್ಹನಾದ ಗುತ್ತಿಗೆದಾರ ಎಂಬುದು ಈ ಬರಹದ ಪ್ರತಿಪಾದನೆ.

ದುರಸ್ತಿ ಏಕೆ ಬೇರೆ

ಖಾಲಿ ನಿವೇಶನದಲ್ಲಿ ಹೊಸ ಮನೆ ಕಟ್ಟುವಾಗ ಪಾಯದಿಂದ ಚಾವಣಿಯವರೆಗಿನ ಪ್ರತಿಯೊಂದು ವಸ್ತುವೂ ಕಣ್ಣೆದುರಿಗೇ ಸೇರುತ್ತ ಹೋಗುತ್ತದೆ. ಹಳೆಯ ಮನೆಯ ನವೀಕರಣದಲ್ಲಿ ಕೆಲಸದ ಬಹುಪಾಲು ಗೋಡೆಯ ಒಳಗೆ, ಗಾರೆಯ ಹಿಂದೆ, ನೆಲದ ಕೆಳಗೆ ಅಡಗಿರುತ್ತದೆ ಮತ್ತು ಒಡೆದು ನೋಡುವವರೆಗೆ ಅದರ ಸ್ಥಿತಿ ಯಾರಿಗೂ ಪೂರ್ತಿಯಾಗಿ ತಿಳಿಯುವುದಿಲ್ಲ. ಈ ಅನಿಶ್ಚಿತತೆಯೇ ಅಪ್ರಾಮಾಣಿಕ ಗುತ್ತಿಗೆದಾರನಿಗೆ ಬಂಡವಾಳವಾಗುತ್ತದೆ; ಪ್ರಾಮಾಣಿಕನೂ ಇದೇ ಕಾರಣಕ್ಕೆ ಜಗಳದಲ್ಲಿ ಸಿಕ್ಕಿಕೊಳ್ಳುತ್ತಾನೆ. ಹಾಗಾಗಿ ದರ ಕೇಳುವ ಮೊದಲು ಮನೆಯನ್ನು ಪರೀಕ್ಷಿಸಬೇಕು, ಮತ್ತು ಪರೀಕ್ಷಿಸದೆ ದರ ಹೇಳುವವರನ್ನು ಅಲ್ಲಿಗೇ ಬಿಡಬೇಕು.

ತಳಿಯ ಕಡೆಯ ಮನೆಗಳಲ್ಲಿ ಈ ಪರೀಕ್ಷೆಗೆ ಮೂರು ಮುಖ್ಯ ಸಂದರ್ಭಗಳಿವೆ. ಮೊದಲನೆಯದು ಕಲ್ಲು ಚಪ್ಪಡಿಯ ಚಾವಣಿ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಬಾಗುವಿಕೆಯನ್ನು ತಾಳುವುದಿಲ್ಲ. ಕಬ್ಬಿಣವಿರುವ ಕಾಂಕ್ರೀಟ್ ಮುರಿಯುವ ಮೊದಲು ಸಾಮಾನ್ಯವಾಗಿ ಬಿರುಕು ಬಿಟ್ಟು, ಜೋತು ಬಿದ್ದು ಎಚ್ಚರಿಸುತ್ತದೆ. ಕಲ್ಲು ಚಪ್ಪಡಿ ಅಂಥ ಸೂಚನೆಯಿಲ್ಲದೆ ಒಮ್ಮೆಲೇ ತುಂಡಾಗಬಲ್ಲದು. ಆದ್ದರಿಂದ ಚಪ್ಪಡಿಯ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಿ ಕೋಣೆ ಮಾಡಿಕೊಡುತ್ತೇನೆಂದು ಸುಲಭವಾಗಿ ಒಪ್ಪಿಕೊಳ್ಳುವವನಿಗಿಂತ, ಮೊದಲು ಎಂಜಿನಿಯರಿಗೆ ತೋರಿಸಿ ಎಂದು ಹೇಳುವವನು ಹೆಚ್ಚು ನಂಬಿಕಸ್ಥ.

ಎರಡನೆಯದು ಮಣ್ಣಿನ ಗೋಡೆ. ಮಣ್ಣು ತೇವವನ್ನು ಹೀರುತ್ತದೆ ಮತ್ತು ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಗಾರೆ ಮೆತ್ತಿದರೆ ತೇವ ಒಳಗೇ ಉಳಿದು, ಗಾರೆ ಗೋಡೆಯನ್ನು ಹಿಡಿದುಕೊಳ್ಳದೆ ಕೆಲವು ಮಳೆಗಾಲಗಳಲ್ಲಿ ಹಾಳೆಹಾಳೆಯಾಗಿ ಕಳಚಿ ಬೀಳುತ್ತದೆ. ಬ್ರಿಟಿಷರ ಕಾಲದಲ್ಲಿ ‘ಲಿಟಲ್ ಇಂಗ್ಲೆಂಡ್’ ಎಂದು ಕರೆಸಿಕೊಂಡಷ್ಟು ತಂಪಾದ ತಳಿಯ ಹವೆಯಲ್ಲಿ ಗೋಡೆ ಒಣಗುವುದೂ ನಿಧಾನ. ಇಂಥ ಗೋಡೆಗೆ ಸುಣ್ಣದ ಗಾರೆ ಅಥವಾ ಸ್ವಲ್ಪ ಸುಣ್ಣ ಬೆರೆಸಿ ಗಟ್ಟಿಗೊಳಿಸಿದ ಮಣ್ಣಿನ ಗಾರೆ ಒಗ್ಗುತ್ತದೆ. ಮಣ್ಣಿನ ಗೋಡೆಗೆ ಯಾವ ಗಾರೆ ಹಾಕುತ್ತೀರಿ ಎಂಬ ಒಂದೇ ಪ್ರಶ್ನೆ ಮೇಸ್ತ್ರಿಯ ತಿಳಿವಳಿಕೆಯನ್ನು ಬಹುಮಟ್ಟಿಗೆ ಹೊರಗೆಡಹುತ್ತದೆ.

ಮೂರನೆಯದು ಹಳೆಯ ಮೋಲ್ಡ್. ಚಾವಣಿಯ ಅಡಿಯಲ್ಲಿ ಕಾಂಕ್ರೀಟ್ ಉದುರಿ ಸರಳು ಕಾಣುತ್ತಿದ್ದರೆ, ಒಳಗೆ ತುಕ್ಕು ಹಿಡಿದಿದೆ ಎಂದರ್ಥ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಅದು ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ತುಕ್ಕು ತೆಗೆಯದೆ ಮೇಲೆ ಗಾರೆ ಮೆತ್ತಿ ಬಣ್ಣ ಬಳಿಯುವುದು ರೋಗವನ್ನು ಮುಚ್ಚುವ ಕೆಲಸವೇ ಹೊರತು ವಾಸಿ ಮಾಡುವ ಕೆಲಸವಲ್ಲ. ಇವಲ್ಲದೆ ಎರಡು ಕೋಣೆ ಸೇರಿಸಿ ಹಜಾರ ಮಾಡಲು ನಡುಗೋಡೆ ತೆಗೆಯುವ ಬೇಡಿಕೆಯೂ ಸಾಮಾನ್ಯ. ಪಿಲ್ಲರ್ ಇಲ್ಲದ ಹಳೆಯ ಮನೆಗಳಲ್ಲಿ ಚಾವಣಿಯ ಭಾರವನ್ನು ಹೊತ್ತಿರುವುದೇ ಗೋಡೆಗಳಾದ್ದರಿಂದ ಈ ನಿರ್ಧಾರವನ್ನು ಮೇಸ್ತ್ರಿಗೂ ಬಿಡಬಾರದು, ಮನೆಯ ಯಜಮಾನನೂ ತೆಗೆದುಕೊಳ್ಳಬಾರದು. ಗುತ್ತಿಗೆದಾರನಿಂದ ಹಣ ಪಡೆಯದ, ಯಜಮಾನನೇ ಶುಲ್ಕ ಕೊಟ್ಟು ಕರೆಸಿದ ಸಿವಿಲ್ ಎಂಜಿನಿಯರ್ ಒಂದು ಸಲ ಬಂದು ನೋಡಿ ಬರೆದುಕೊಡುವ ಟಿಪ್ಪಣಿ ಮುಂದಿನ ಎಲ್ಲ ಮಾತುಕತೆಗೂ ಆಧಾರವಾಗುತ್ತದೆ.

ಪರವಾನಗಿ ಎಂಬ ಭ್ರಮೆ

ಮನೆ ನವೀಕರಿಸುವ ಖಾಸಗಿ ಗುತ್ತಿಗೆದಾರನಿಗೆ ಭಾರತದಲ್ಲಿ ಕಡ್ಡಾಯವಾದ ಸರ್ಕಾರಿ ಪರವಾನಗಿ ಎಂಬುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1929ರಿಂದಲೂ ಗುತ್ತಿಗೆದಾರರಿಗೆ ಪರವಾನಗಿ ನೀಡುವ ಮಂಡಳಿಯಿದೆ. ಅಲ್ಲಿ ಮನೆ ದುರಸ್ತಿಗೆ ಪಡೆಯುವ ಮುಂಗಡವು ಒಟ್ಟು ದರದ ಶೇ 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಸಿಂಗಪುರದ ಸರ್ಕಾರಿ ವಸತಿ ಮಂಡಳಿಯ ಮನೆಗಳಲ್ಲಿ ಮಂಡಳಿಯ ಪಟ್ಟಿಯಲ್ಲಿರುವ ನವೀಕರಣ ಗುತ್ತಿಗೆದಾರರನ್ನೇ ನೇಮಿಸಿಕೊಳ್ಳಬೇಕು. ಇಲ್ಲಿ ಅಂಥ ಏರ್ಪಾಡಿಲ್ಲದ ಕಾರಣ, ಗುತ್ತಿಗೆದಾರ ತೋರಿಸುವ ಪ್ರತಿಯೊಂದು ಕಾಗದಕ್ಕೂ ಎಷ್ಟು ಬೆಲೆ ಎಂಬುದನ್ನು ಕುಟುಂಬವೇ ತಿಳಿದಿರಬೇಕು.

ಲೋಕೋಪಯೋಗಿ ಇಲಾಖೆಯಲ್ಲಿ ತಾನು ಇಂಥ ದರ್ಜೆಯ ಗುತ್ತಿಗೆದಾರ ಎಂದು ಹೇಳಿಕೊಳ್ಳುವವರ ನೋಂದಣಿ ಸರ್ಕಾರಿ ಕಾಮಗಾರಿಗಳ ಟೆಂಡರಿಗೆ ಸಂಬಂಧಿಸಿದ್ದು; ಅದು ಆರ್ಥಿಕ ಶಕ್ತಿಯ ಸೂಚನೆಯಾದೀತೇ ಹೊರತು ಹಳೆಯ ಮನೆಯ ದುರಸ್ತಿಯಲ್ಲಿನ ಪರಿಣತಿಗೆ ಸಾಕ್ಷಿಯಲ್ಲ. ಜಿಎಸ್‌ಟಿ ಸಂಖ್ಯೆ ಇದ್ದರೆ ಅದನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು: 15 ಅಕ್ಷರಗಳ ಆ ಸಂಖ್ಯೆಯ ಮೊದಲ ಎರಡು ಅಂಕಿಗಳು 33 ಆಗಿದ್ದರೆ ನೋಂದಣಿ ತಮಿಳುನಾಡಿನದು, 29 ಆಗಿದ್ದರೆ ಕರ್ನಾಟಕದ್ದು. ಸಂಸ್ಥೆಯ ಹೆಸರು, ನೋಂದಣಿಯ ದಿನಾಂಕ, ಅದು ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಆದರೆ ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲದ್ದರಿಂದ, ಸಣ್ಣ ಮೇಸ್ತ್ರಿಗೆ ಈ ಸಂಖ್ಯೆ ಇಲ್ಲವೆಂಬುದು ದೋಷವಲ್ಲ. ಸಂಖ್ಯೆ ಇಲ್ಲದೆಯೂ ಬಿಲ್ಲಿಗೆ ತೆರಿಗೆ ಸೇರಿಸಿ ವಸೂಲು ಮಾಡುವುದು ಮಾತ್ರ ದೋಷ.

ವಿದ್ಯುತ್ ಕೆಲಸಕ್ಕೆ ಸ್ಥಿತಿ ಬೇರೆ. ವೈರಿಂಗ್ ಮಾಡುವ ವಿದ್ಯುತ್ ಗುತ್ತಿಗೆದಾರರಿಗೆ ಮತ್ತು ವೈರ್‌ಮನ್‌ಗಳಿಗೆ ತಮಿಳುನಾಡಿನಲ್ಲಿ ವಿದ್ಯುತ್ ಪರವಾನಗಿ ಮಂಡಳಿಯ ಪ್ರಮಾಣಪತ್ರವಿರುತ್ತದೆ. ಹಳೆಯ ವೈರಿಂಗ್ ಬದಲಿಸುವಾಗ ಅದನ್ನು ಕೇಳಿ ನೋಡುವುದು ಹಕ್ಕು. ಹಾಗೆಯೇ ಬಣ್ಣ, ನೆಲಹಾಸು, ಗಾರೆಯಂಥ ದುರಸ್ತಿಗೆ ಕಟ್ಟಡದ ಅನುಮತಿಯ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲವಾದರೂ, ಅಂತಸ್ತು ಅಥವಾ ಕೋಣೆ ಸೇರಿಸುವ ಕೆಲಸ ತಮಿಳುನಾಡಿನ 2019ರ ಸಮಗ್ರ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳಿಗೆ ಒಳಪಟ್ಟು ಸ್ಥಳೀಯ ಸಂಸ್ಥೆಯ ಅನುಮತಿ ಬೇಡುತ್ತದೆ. ಅನುಮತಿಯೇನೂ ಬೇಡ, ಎಲ್ಲ ನಾನು ನೋಡಿಕೊಳ್ಳುತ್ತೇನೆ ಎನ್ನುವ ಗುತ್ತಿಗೆದಾರ ಕೆಲಸ ಮುಗಿದ ಮೇಲೆ ಊರಲ್ಲಿ ಇರುವುದಿಲ್ಲ. ನೋಟಿಸು ಬರುವುದು ಮನೆಯ ಯಜಮಾನನಿಗೆ. ರೇರಾ ಎಂದು ಪ್ರಸಿದ್ಧವಾದ 2016ರ ರಿಯಲ್ ಎಸ್ಟೇಟ್ ಕಾಯ್ದೆಯೂ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಮಾರಾಟದ ಉದ್ದೇಶವಿಲ್ಲದ ನವೀಕರಣ ಮತ್ತು ದುರಸ್ತಿಗಳಿಗೆ ಅದರ ನೋಂದಣಿ ಅನ್ವಯಿಸುವುದಿಲ್ಲ.

ಕಾಗದಗಳಿಗಿಂತ ಹೆಚ್ಚು ಹೇಳುವುದು ಗುತ್ತಿಗೆದಾರನ ಹಿಂದಿನ ಕೆಲಸ. ಹೊಸದಾಗಿ ಮುಗಿದ ಮನೆಯನ್ನು ನೋಡಿದರೆ ಬಣ್ಣ ಮಾತ್ರ ಕಾಣುತ್ತದೆ. ಮುಗಿದು ಎರಡು ಮಳೆಗಾಲ ಕಳೆದ ಮನೆಯನ್ನು ನೋಡಿದರೆ ಕೆಲಸ ಕಾಣುತ್ತದೆ. ಹೊಸೂರು ಸೀಮೆಯಲ್ಲಿ ಮಳೆ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಬಿರುಸಾಗಿರುವುದರಿಂದ, ಅದರ ಬೆನ್ನಿಗೇ ಹೋಗಿ ತಾರಸಿಯ ಮೂಲೆಗಳು, ಕಿಟಕಿಯ ಸಜ್ಜಾದ ಕೆಳಭಾಗ, ಬಚ್ಚಲುಮನೆಯ ಹೊರಗೋಡೆ ಈ ಮೂರನ್ನು ನೋಡುವುದು ಒಳ್ಳೆಯದು. ಆ ಮನೆಯವರನ್ನು ಕೇಳಬೇಕಾದದ್ದು ಕೆಲಸ ಹೇಗಿದೆ ಎಂದಲ್ಲ, ಏಕೆಂದರೆ ಆ ಪ್ರಶ್ನೆಗೆ ಚೆನ್ನಾಗಿದೆ ಎಂಬ ಸೌಜನ್ಯದ ಉತ್ತರವೇ ಸಿಗುತ್ತದೆ. ಮೊದಲು ಹೇಳಿದ ದರಕ್ಕೂ ಕೊನೆಗೆ ಕೊಟ್ಟ ಹಣಕ್ಕೂ ಎಷ್ಟು ವ್ಯತ್ಯಾಸವಾಯಿತು, ಕೆಲಸ ನಡುವೆ ಎಷ್ಟು ದಿನ ನಿಂತಿತು, ತೊಂದರೆ ಬಂದಾಗ ಕರೆದರೆ ಬಂದರೇ ಎಂದು ಕೇಳಬೇಕು. ಸಾಧ್ಯವಾದರೆ ಈಗ ನಡೆಯುತ್ತಿರುವ ಒಂದು ಕೆಲಸದ ಜಾಗಕ್ಕೂ ಹೋಗಬೇಕು. ಸಿಮೆಂಟ್ ಮೂಟೆಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲಿವೆಯೇ, ಮರಳು ಜಲ್ಲಿಯನ್ನು ಪೆಟ್ಟಿಗೆಯಲ್ಲಿ ಅಳೆದು ಬೆರೆಸುತ್ತಾರೆಯೇ ಅಥವಾ ಬಾಂಡಲಿಯಲ್ಲಿ ಅಂದಾಜಿಗೆ ಸುರಿಯುತ್ತಾರೆಯೇ ಎಂಬುದನ್ನು ಹತ್ತು ನಿಮಿಷದಲ್ಲಿ ತಿಳಿಯಬಹುದು.

ಅಂದಾಜುಪಟ್ಟಿಯನ್ನು ಓದುವ ಬಗೆ

ಕೆಲಸ ಒಪ್ಪಿಸುವ ರೀತಿಗಳು ಮುಖ್ಯವಾಗಿ ಮೂರು. ದಿನಗೂಲಿಯಲ್ಲಿ ಆಳುಗಳಿಗೆ ದಿನದ ಲೆಕ್ಕದಲ್ಲಿ ಕೂಲಿ, ಸಾಮಾನು ಯಜಮಾನನದು. ಕೆಲಸ ಬೆಳೆಯುವ ಅಪಾಯ ಪೂರ್ತಿ ಯಜಮಾನನ ಮೇಲಿರುತ್ತದೆ. ಲೇಬರ್ ಕಾಂಟ್ರಾಕ್ಟಿನಲ್ಲಿ ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಕೂಲಿ ಎಂದು ನಿಗದಿಯಾಗುತ್ತದೆ, ಸಾಮಾನು ಯಜಮಾನನೇ ತರುತ್ತಾನೆ; ಸಾಮಾನಿನ ಗುಣಮಟ್ಟ ಕೈಯಲ್ಲಿರುತ್ತದೆ, ಪೋಲಾಗುವುದನ್ನು ತಡೆಯುವ ಹೊಣೆಯೂ ಇರುತ್ತದೆ. ಮೆಟೀರಿಯಲ್ ಸಹಿತದ ಕಾಂಟ್ರಾಕ್ಟಿನಲ್ಲಿ ಎಲ್ಲವೂ ಗುತ್ತಿಗೆದಾರನದು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುವ ಕುಟುಂಬಕ್ಕೆ ಇದು ಅನುಕೂಲ, ಆದರೆ ಯಾವ ಸಾಮಾನು ಎಂಬುದು ಬರವಣಿಗೆಯಲ್ಲಿಲ್ಲದಿದ್ದರೆ ಅತಿ ಅಗ್ಗದ್ದೇ ಬಂದು ಬೀಳುತ್ತದೆ.

ಈ ಭಾಗದಲ್ಲಿ ದರವನ್ನು ಚದರದ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಒಂದು ಚದರವೆಂದರೆ 100 ಚದರ ಅಡಿ. ಹೊಸ ಮನೆಗೆ ಅದು ಸ್ಥೂಲವಾಗಿ ಸರಿಹೋಗಬಹುದಾದರೂ ನವೀಕರಣಕ್ಕೆ ಒಗ್ಗುವುದಿಲ್ಲ, ಏಕೆಂದರೆ ಒಂದು ಕೋಣೆಗೆ ಬಣ್ಣ ಮಾತ್ರ ಸಾಕಾಗಿದ್ದು ಪಕ್ಕದ ಕೋಣೆಗೆ ಚಾವಣಿಯೇ ಬದಲಾಗಬೇಕಾಗಿರುತ್ತದೆ. ಆದ್ದರಿಂದ ಒಡೆಯುವುದು, ಅವಶೇಷ ಸಾಗಿಸುವುದು, ಗೋಡೆ, ಗಾರೆ, ನೆಲಹಾಸು, ನಲ್ಲಿ ಕೆಲಸ, ವೈರಿಂಗ್, ಬಣ್ಣ ಎಂದು ಪ್ರತಿಯೊಂದು ಬಾಬಿಗೂ ಬೇರೆ ಅಳತೆ, ಬೇರೆ ದರ ಬರೆದಿರುವ ಅಂದಾಜುಪಟ್ಟಿಯನ್ನೇ ಕೇಳಬೇಕು ಮತ್ತು ಒಂದೇ ಪಟ್ಟಿಯನ್ನು ಕನಿಷ್ಠ ಮೂವರಿಗೆ ಕೊಟ್ಟು ದರ ತುಂಬಿಸಿಕೊಳ್ಳಬೇಕು. ಆಗ ಮಾತ್ರ ಮೂರು ದರಗಳನ್ನು ಹೋಲಿಸಲು ಸಾಧ್ಯ. ಎಲ್ಲರಿಗಿಂತ ತೀರ ಕಡಿಮೆ ಹೇಳಿದವನ ಪಟ್ಟಿಯಲ್ಲಿ ಸಾಮಾನ್ಯವಾಗಿ ಕೆಲವು ಬಾಬುಗಳೇ ಬಿಟ್ಟುಹೋಗಿರುತ್ತವೆ, ಮತ್ತು ಅವೇ ಮುಂದೆ ‘ಎಕ್ಸ್‌ಟ್ರಾ’ ಎಂಬ ಹೆಸರಿನಲ್ಲಿ ಹಿಂದಿರುಗುತ್ತವೆ.

ಅಳತೆಯ ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡಬಹುದು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ. ಒಳಗಾರೆಯ ವಿಸ್ತೀರ್ಣ 440 ಚದರ ಅಡಿ. ಮೂರೂವರೆ ಅಡಿ ಅಗಲ, 7 ಅಡಿ ಎತ್ತರದ ಬಾಗಿಲು 24.5 ಚದರ ಅಡಿ, 4 ಅಡಿ ಚೌಕದ ಕಿಟಕಿ 16 ಚದರ ಅಡಿ. ಎರಡನ್ನೂ ಕಳೆದರೆ ಉಳಿಯುವುದು 399.5 ಚದರ ಅಡಿ. ಕಂಡಿಗಳನ್ನು ಕಳೆಯಬೇಕೇ ಬೇಡವೇ ಎಂಬುದರ ಮೇಲೆಯೇ ಒಂದು ಕೋಣೆಯಲ್ಲಿ 40.5 ಚದರ ಅಡಿಯ ವ್ಯತ್ಯಾಸ ಬರುತ್ತದೆ. ಕಟ್ಟಡದ ಕೆಲಸಗಳ ಅಳತೆಗಾಗಿ ಇರುವ ಭಾರತೀಯ ಮಾನಕ ಐಎಸ್ 1200 ಇದಕ್ಕೆ ಕ್ರಮ ಹೇಳುತ್ತದೆ: ಅರ್ಧ ಚದರ ಮೀಟರಿನವರೆಗಿನ ಕಂಡಿಗೆ ಕಡಿತವಿಲ್ಲ, ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರಿನೊಳಗಿರುವ ಕಂಡಿಗೆ ಗೋಡೆಯ ಎರಡು ಮುಖಗಳ ಪೈಕಿ ಒಂದರಲ್ಲಿ ಮಾತ್ರ ಕಡಿತ, ಏಕೆಂದರೆ ಬಾಗಿಲು ಕಿಟಕಿಗಳ ಪಕ್ಕೆಗೆ ಬಳಿಯುವ ಗಾರೆಗೆ ಅದು ಪರಿಹಾರ. ಯಾವ ಕ್ರಮವನ್ನು ಅನುಸರಿಸಿದರೂ ಅಡ್ಡಿಯಿಲ್ಲ. ಕೆಲಸದ ಮೊದಲೇ ಅದನ್ನು ಬರೆದಿಟ್ಟಿರಬೇಕು. ಟೇಪು ಹಿಡಿದು ಯಜಮಾನನ ಜೊತೆ ನಿಂತು ಅಳೆದು ಸಹಿ ಹಾಕಲು ಹಿಂಜರಿಯದವನು ಮುಂದೆಯೂ ಲೆಕ್ಕಕ್ಕೆ ಹಿಂಜರಿಯುವುದಿಲ್ಲ.

ಸಾಮಾನಿನ ಅಳತೆಯೂ ಗಡಿಯಲ್ಲಿ ಗೊಂದಲ ಹುಟ್ಟಿಸುತ್ತದೆ. ತಮಿಳುನಾಡಿನಲ್ಲಿ ಎಂ-ಸ್ಯಾಂಡ್ ಮತ್ತು ಜಲ್ಲಿಯನ್ನು ಯೂನಿಟ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಯೂನಿಟ್ ಎಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ್. ಬೆಂಗಳೂರಿನ ಕಡೆ ಹೆಚ್ಚಾಗಿ ಟನ್ನಿನ ಲೆಕ್ಕವಿದೆ. ತೇವವಿದ್ದರೆ ಮರಳಿನ ತೂಕ ಹೆಚ್ಚುವುದರಿಂದ ಎರಡು ದರಗಳನ್ನು ಹೋಲಿಸುವ ಮೊದಲು ಮಾನವನ್ನು ಒಂದೇ ಮಾಡಿಕೊಳ್ಳಬೇಕು. ಕಬ್ಬಿಣದ ಸರಳಿನ ತೂಕಕ್ಕಂತೂ ನಿಖರವಾದ ಸೂತ್ರವಿದೆ: ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಹಾಗಾಗಿ 12 ಮಿ.ಮೀ. ದಪ್ಪದ, 12 ಮೀಟರ್ ಉದ್ದದ ಒಂದು ಸರಳು ಸುಮಾರು 10.67 ಕೆ.ಜಿ. ತೂಗಬೇಕು, ಹತ್ತು ಸರಳು 106 ಕೆ.ಜಿ. ದಾಟಬೇಕು. ಮಾನಕವು ಸ್ವಲ್ಪ ಏರುಪೇರಿಗೆ ಅವಕಾಶ ಕೊಟ್ಟಿದೆ; ಅದಕ್ಕಿಂತ ಬಹಳ ಕಡಿಮೆ ತೂಗಿದರೆ ಸರಳು ಹೇಳಿದಷ್ಟು ದಪ್ಪವಿಲ್ಲ ಎಂದರ್ಥ. ಐಎಸ್‌ಐ ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆ ನಿಜವೇ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನೋಡಬಹುದು. ಸಿಮೆಂಟ್ ಮೂಟೆಯ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ ಮೂಟೆಯನ್ನು ಪರೀಕ್ಷಿಸದೆ ಚಾವಣಿಯಂಥ ಮುಖ್ಯ ಕೆಲಸಕ್ಕೆ ಬಳಸಬಾರದು.

ಕರಾರು, ಅದರ ಭಾಷೆ, ಅದರ ಹಣ

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ಆದರೆ ಅದನ್ನು ಸಾಬೀತುಪಡಿಸುವುದು ಕಷ್ಟ. ಕರಾರು ಇಂಥ ಭಾಷೆಯಲ್ಲೇ ಇರಬೇಕೆಂದು ಆ ಕಾಯ್ದೆ ಹೇಳುವುದಿಲ್ಲ ಎಂಬುದು ತಳಿಯಂಥ ಸೀಮೆಗೆ ಬಹಳ ಮುಖ್ಯ. ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರಲ್ಲಿ ಅನೇಕರಿಗೆ ತಮಿಳು ಮಾತಾಡಲು ಬಂದರೂ ಓದಲು ಸರಾಗವಾಗಿ ಬಾರದು. ಗುತ್ತಿಗೆದಾರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಅಚ್ಚು ಹಾಕಿಸಿ ತಂದ ಹಾಳೆಗೆ ಸಂಕೋಚದಿಂದ ಸಹಿ ಹಾಕುವುದು ಅಲ್ಲಿಂದಲೇ ಹುಟ್ಟುವ ರೂಢಿ. ಕರಾರನ್ನು ಕನ್ನಡ ಮತ್ತು ತಮಿಳು ಎರಡರಲ್ಲೂ ಬರೆಸಿ, ಎರಡೂ ಪ್ರತಿಗಳಿಗೆ ಇಬ್ಬರೂ ಸಹಿ ಹಾಕುವುದು, ವ್ಯತ್ಯಾಸ ಬಂದರೆ ಯಾವ ಪ್ರತಿ ಮುಖ್ಯ ಎಂದು ಅದರಲ್ಲೇ ನಮೂದಿಸುವುದು ಸರಿಯಾದ ಕ್ರಮ. ಮುದ್ರಾಂಕ ಕಾಗದದ ಮೇಲೆ ಬರೆದರೆ ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಾಗ ಸುಂಕ ಮತ್ತು ದಂಡದ ತೊಡಕು ಇರುವುದಿಲ್ಲ.

ಕರಾರಿನಲ್ಲಿ ಇರಲೇಬೇಕಾದ ಅಂಶಗಳು ಹೆಚ್ಚಿಲ್ಲ: ಬಾಬುವಾರು ಅಂದಾಜುಪಟ್ಟಿ, ಸಾಮಾನಿನ ಕಂಪನಿ ಮತ್ತು ದರ್ಜೆ, ಗಾರೆಯ ಪ್ರಮಾಣ, ಶುರು ಮತ್ತು ಮುಕ್ತಾಯದ ದಿನ, ತೆರಿಗೆ ಸೇರಿದೆಯೋ ಇಲ್ಲವೋ, ನೀರು ಮತ್ತು ವಿದ್ಯುತ್ ಯಾರದು, ದೋಷ ಕಂಡರೆ ಎಷ್ಟು ಕಾಲದೊಳಗೆ ಉಚಿತವಾಗಿ ಸರಿಪಡಿಸಬೇಕು. ಇವುಗಳ ಜೊತೆಗೆ ಹೆಚ್ಚುವರಿ ಕೆಲಸದ ನಿಯಮವೊಂದು ನವೀಕರಣದ ಕರಾರಿಗೆ ಜೀವಾಳ: ಗೋಡೆ ಒಡೆದಾಗ ಹೊಸ ಸಮಸ್ಯೆ ಕಂಡರೆ, ಅದರ ಅಳತೆ ಮತ್ತು ದರವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ ಮೇಲೆಯೇ ಆ ಕೆಲಸ ಮುಂದುವರಿಯಬೇಕು. ಕೆಲಸಗಾರರ ಸುರಕ್ಷತೆಯ ಹೊಣೆ, ಅಪಘಾತವಾದರೆ ಪರಿಹಾರದ ಹೊಣೆ ಯಾರದು ಎಂಬುದೂ ಬರೆದಿರಬೇಕು. ತಮಿಳುನಾಡಿನ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ತನ್ನ ಆಳುಗಳನ್ನು ನೋಂದಾಯಿಸಿರುವ, ಚಾವಣಿಯ ಮೇಲೆ ಹತ್ತುವವರಿಗೆ ಗಟ್ಟಿಯಾದ ಸಾರುವೆ ಕಟ್ಟಿಸುವ ಗುತ್ತಿಗೆದಾರ ಮನೆಯ ವಿಷಯದಲ್ಲೂ ಹೊಣೆಗೇಡಿಯಾಗುವುದು ಅಪರೂಪ.

ಹಣದ ವಿಷಯದಲ್ಲಿ ಒಂದು ಸೂತ್ರ ಸಾಕು: ಕೊಟ್ಟ ಹಣ ಎಂದಿಗೂ ಮುಗಿದ ಕೆಲಸವನ್ನು ಬಹಳ ಮುಂದೆ ದಾಟಬಾರದು. 6 ಲಕ್ಷ ರೂಪಾಯಿಯ ಕೆಲಸವೊಂದಕ್ಕೆ 60,000 ರೂಪಾಯಿ ಮುಂಗಡ, ಒಡೆದು ಭಾರ ಹೊರುವ ಭಾಗಗಳನ್ನು ಭದ್ರಪಡಿಸಿದ ಮೇಲೆ 1,20,000, ಚಾವಣಿ ಮುಗಿದ ಮೇಲೆ 1,20,000, ಗಾರೆ, ನಲ್ಲಿ, ವೈರಿಂಗ್ ಮುಗಿದ ಮೇಲೆ 1,20,000, ನೆಲಹಾಸು ಮತ್ತು ಬಣ್ಣದ ಮೇಲೆ 1,20,000, ಮನೆ ಒಪ್ಪಿಸಿದ ದಿನ 30,000 ಎಂದು ಹಂಚಿ, ಉಳಿದ 30,000 ರೂಪಾಯಿಯನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ವ್ಯವಸ್ಥೆ ಇಬ್ಬರಿಗೂ ನ್ಯಾಯವಾದದ್ದು. ಸರ್ಕಾರಿ ಕಾಮಗಾರಿಗಳಲ್ಲಿ ಹೀಗೆ ತಡೆಹಿಡಿಯುವ ಮೊತ್ತ ಹಳೆಯ ಪದ್ಧತಿ. ಮನೆ ಕೆಲಸಕ್ಕೂ ಅದನ್ನು ಒಪ್ಪುವವನು ತನ್ನ ಕೆಲಸದ ಮೇಲೆ ತಾನೇ ಪಣ ಇಟ್ಟಂತೆ. ಪಾವತಿ ಬ್ಯಾಂಕಿನ ಮೂಲಕವೇ ಆಗಬೇಕು. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ರಸೀದಿ ಇಲ್ಲದ ನಗದು ವಿವಾದ ಬಂದಾಗ ಕೊಟ್ಟೇ ಇಲ್ಲದ ಹಣವಾಗಿಬಿಡುತ್ತದೆ.

ಕೆಲಸ ನಡೆಯುವಾಗ, ಕೆಲಸ ಕೆಟ್ಟಾಗ

ಕರಾರು ಎಷ್ಟೇ ಚೆನ್ನಾಗಿದ್ದರೂ ಕೆಲವು ಹಂತಗಳಲ್ಲಿ ಮನೆಯವರ ಕಣ್ಣಿರಲೇಬೇಕು. ಕಾಂಕ್ರೀಟಿನ ಸಂಹಿತೆಯಾದ ಐಎಸ್ 456ರ ಪ್ರಕಾರ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ನೀರುಣಿಸಿ ಹಸಿಯಾಗಿಡಬೇಕು. ನಾಲ್ಕೂವರೆ ಮೀಟರಿನವರೆಗಿನ ಅಗಲದ ಚಾವಣಿಯ ಕೆಳಗಿನ ಆಧಾರದ ಕಂಬಗಳನ್ನು ಸಾದಾ ಸಿಮೆಂಟಾದರೆ 7 ದಿನಕ್ಕೆ ಮೊದಲು, ಅದಕ್ಕಿಂತ ಅಗಲದ್ದನ್ನು 14 ದಿನಕ್ಕೆ ಮೊದಲು ತೆಗೆಯಬಾರದು; ಬೆರಕೆ ಸಿಮೆಂಟಿಗೆ ಇನ್ನೂ ಹೆಚ್ಚು ದಿನ ಬೇಕು. ಸೆಂಟ್ರಿಂಗ್ ಸಾಮಾನು ಬಾಡಿಗೆಯದಾದ್ದರಿಂದ ಬೇಗ ಬಿಚ್ಚುವ ಅವಸರ ಸಹಜ, ಮತ್ತು ಆ ಅವಸರವನ್ನು ತಡೆಯುವುದು ದಿನಾಂಕ ಬರೆದಿಟ್ಟ ಒಂದು ನೋಟ್‌ಪುಸ್ತಕ. ಗೋಡೆಯೊಳಗೆ ಹೋಗುವ ಪೈಪು ಮತ್ತು ವೈರುಗಳನ್ನು ಗಾರೆ ಮುಚ್ಚುವ ಮೊದಲು ಟೇಪನ್ನು ಜೊತೆಗಿಟ್ಟು ಫೋಟೊ ತೆಗೆದಿಟ್ಟರೆ ಮುಂದೆ ಮೊಳೆ ಹೊಡೆಯುವಾಗಲೂ ದುರಸ್ತಿಯಾಗುವಾಗಲೂ ನೆರವಾಗುತ್ತದೆ. ಬಚ್ಚಲಿನ ನೆಲಕ್ಕೆ ನೀರುತಡೆ ಲೇಪನ ಹಾಕಿದ ಮೇಲೆ ಎರಡು ಮೂರು ದಿನ ನೀರು ನಿಲ್ಲಿಸಿ ಕೆಳಗೆ ಜಿನುಗುತ್ತದೆಯೇ ಎಂದು ನೋಡದೆ ಟೈಲ್ಸ್ ಹಾಕಿಸಬಾರದು.

ಇಷ್ಟಾದರೂ ಕೆಲಸ ಕೆಟ್ಟರೆ ಕಾನೂನಿನ ದಾರಿಯಿದೆ. ಮನೆ ಕಟ್ಟಿಕೊಡುವುದು ಗ್ರಾಹಕ ಕಾನೂನಿನ ಅರ್ಥದಲ್ಲಿ ‘ಸೇವೆ’ ಎಂಬುದನ್ನು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಸ್ಪಷ್ಟಪಡಿಸಿತು; 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ವಸತಿ ನಿರ್ಮಾಣವನ್ನು ಸೇವೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಗಡಿಯಲ್ಲಿರುವವರಿಗೆ ಈ ಕಾಯ್ದೆಯ ಒಂದು ಅಂಶ ದೊಡ್ಡ ಉಪಕಾರ: ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲೇ ದೂರು ಕೊಡಬಹುದು. ಆದ್ದರಿಂದ ಗುತ್ತಿಗೆದಾರ ಆನೇಕಲ್ಲಿನವನಾಗಲಿ ಬೆಂಗಳೂರಿನವನಾಗಲಿ, ತಳಿಯ ನಿವಾಸಿ ಕೃಷ್ಣಗಿರಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಬಾಗಿಲು ತಟ್ಟಬಹುದು. ಸೇವೆಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. 5 ಲಕ್ಷದವರೆಗೆ ದೂರಿಗೆ ಶುಲ್ಕವೇ ಇಲ್ಲ. ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಬೇಕು. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಾಡಿಗೆಗೆಂದೇ ಕಟ್ಟಿಸಿದ ಭಾಗವಾದರೆ ಅದು ವಾಣಿಜ್ಯ ಉದ್ದೇಶದ್ದೆಂದು ಎದುರು ಪಕ್ಷ ವಾದಿಸಬಹುದೆಂಬುದನ್ನೂ ಮೊದಲೇ ತಿಳಿದಿರಬೇಕು. ಯಾವ ಆಯೋಗವಾದರೂ ಕೇಳುವುದು ಸಾಕ್ಷ್ಯವನ್ನು: ಸಹಿಯಾದ ಅಳತೆಪಟ್ಟಿ, ಬ್ಯಾಂಕಿನ ದಾಖಲೆ, ದಿನಾಂಕವಿರುವ ಫೋಟೊ, ಎಂಜಿನಿಯರಿನ ವರದಿ. ಇವೆಲ್ಲ ಕೆಲಸದ ಆರಂಭದಲ್ಲೇ ಸಿದ್ಧವಾಗುವಂಥವು, ಜಗಳ ಶುರುವಾದ ಮೇಲೆ ಹುಟ್ಟಿಸಲಾಗದಂಥವು.

ಈ ಎಲ್ಲ ಎಚ್ಚರಿಕೆಗಳಿಗೆ ಇನ್ನೊಂದು ಮುಖವೂ ಇದೆ. ನಡುವೆ ಮನಸ್ಸು ಬದಲಿಸಿ ಕಟ್ಟಿದ ಗೋಡೆ ಒಡೆಸುವ, ಒಪ್ಪಿದ ಹಂತ ಮುಗಿದರೂ ಹಣ ಎಳೆದಾಡುವ, ಮೇಸ್ತ್ರಿಯ ಕೂಲಿಯಲ್ಲೇ ಉಳಿತಾಯ ಹುಡುಕುವ ಯಜಮಾನರಿಗೆ ಒಳ್ಳೆಯ ಗುತ್ತಿಗೆದಾರ ಸಿಕ್ಕಿದರೂ ಉಳಿಯುವುದಿಲ್ಲ. ಶನಿವಾರ ಆಳುಗಳಿಗೆ ಬಟವಾಡೆ ಮಾಡಬೇಕಾದವನಿಗೆ ಬುಧವಾರ ಬರುವ ಹಣದಿಂದ ಉಪಯೋಗವಿಲ್ಲ. ಬರೆದ ಕರಾರು ಅವನನ್ನೂ ಇಂಥ ಅನ್ಯಾಯದಿಂದ ಕಾಪಾಡುತ್ತದೆ; ಅದನ್ನು ಅನುಮಾನದ ಗುರುತೆಂದು ಭಾವಿಸಬೇಕಾಗಿಲ್ಲ ಎಂದು ಎರಡೂ ಕಡೆಯವರು ತಿಳಿದರೆ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ತಳಿ, ಜವಳಗಿರಿ, ಅಂಚೆಟ್ಟಿಯಂಥ ಊರುಗಳಲ್ಲಿ ಪ್ರತಿ ಕುಟುಂಬವೂ ಒಂಟಿಯಾಗಿ ಈ ಪಾಠ ಕಲಿಯಬೇಕಾಗಿಲ್ಲ. ಕನ್ನಡ ಮತ್ತು ತಮಿಳು ಎರಡರಲ್ಲೂ ಇರುವ ಒಂದು ಮಾದರಿ ಕರಾರು, ಬಾಬುವಾರು ಅಂದಾಜಿನ ಖಾಲಿ ನಮೂನೆ, ಆ ಭಾಗದಲ್ಲಿ ಕೆಲಸ ಮುಗಿಸಿದ ಮೇಸ್ತ್ರಿಗಳ ಹೆಸರು ಮತ್ತು ಅವರು ಸರಿಪಡಿಸಿಕೊಟ್ಟ ಮನೆಗಳ ಪಟ್ಟಿ, ಇಷ್ಟನ್ನು ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟವೋ ಮಹಿಳಾ ಸ್ವಸಹಾಯ ಸಂಘವೋ ಸಿದ್ಧಪಡಿಸಿಟ್ಟರೆ, ಊರಿನ ಪರಿಚಯ ಹಿಂದೆ ಕೊಡುತ್ತಿದ್ದ ಜಾಮೀನಿನ ಬಹುಪಾಲು ಹೊಸ ರೂಪದಲ್ಲಿ ಮತ್ತೆ ಒದಗುತ್ತದೆ. ಆಗ ಚೆನ್ನಾಗಿ ಕೆಲಸ ಬಲ್ಲ, ಆದರೆ ಚೆನ್ನಾಗಿ ಮಾತಾಡಲು ಬಾರದ ಸ್ಥಳೀಯ ಮೇಸ್ತ್ರಿಗೂ, ಬಣ್ಣದ ಬ್ರೋಷರ್ ಹಿಡಿದು ಬರುವ ದೊಡ್ಡ ಸಂಸ್ಥೆಗೂ ಒಂದೇ ಟೇಪು, ಒಂದೇ ಪಟ್ಟಿ, ಒಂದೇ ನಿಯಮ ಅನ್ವಯಿಸುತ್ತದೆ. ಜೀವಮಾನದ ಉಳಿತಾಯವನ್ನು ಮನೆಗೆ ಸುರಿಯುವ ಕುಟುಂಬಕ್ಕೆ ಸಲ್ಲಬೇಕಾದ ಕನಿಷ್ಠ ನ್ಯಾಯ ಅದು.